ತಫ್ಸೀರ್: ಕುರ್‌ಆನಿನ ಮಾತಿಗೆ ಅರ್ಥ ಹೇಳುವ ವಿದ್ಯೆ

2022ರ ಫೆಬ್ರವರಿಯಲ್ಲಿ ಮಂಡ್ಯದ ಕಾಲೇಜೊಂದರ ಆವರಣದಲ್ಲಿ ಸೆರೆಯಾದ, ಹಿಜಾಬ್ ಧರಿಸಿದ ವಿದ್ಯಾರ್ಥಿನಿಯೊಬ್ಬಳ ದೃಶ್ಯವೊಂದು ದೇಶದ ಉದ್ದಗಲಕ್ಕೂ ಹರಿದಾಡಿತು. ಅದೇ ವರ್ಷ ಮಾರ್ಚ್ 15ರಂದು ಕರ್ನಾಟಕ ಹೈಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠವು, ತರಗತಿಯಲ್ಲಿ ಹಿಜಾಬ್ ಧರಿಸಬಹುದೇ ಎಂಬ ಪ್ರಕರಣದ ತೀರ್ಪು ನೀಡಿತು. ಕುರ್‌ಆನಿನ ಸೂಕ್ತಗಳ ಅರ್ಥವನ್ನು ತಿಳಿಯಲು ಆ ಪೀಠವು ಅಬ್ದುಲ್ಲಾ ಯೂಸುಫ್ ಅಲಿಯವರ ಇಂಗ್ಲಿಷ್ ಅನುವಾದವನ್ನೂ ವ್ಯಾಖ್ಯಾನವನ್ನೂ ಆಧಾರವಾಗಿ ಇಟ್ಟುಕೊಂಡಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಪರಸ್ಪರ ಭಿನ್ನವಾದ ತೀರ್ಪುಗಳನ್ನು ಕೊಟ್ಟರು. ಪ್ರಕರಣದ ಸರಿತಪ್ಪು ಈ ಲೇಖನದ ವಿಷಯವಲ್ಲ. ಆದರೆ ಆ ದಿನಗಳಲ್ಲಿ ಮೈಸೂರು, ಮಂಡ್ಯದ ಕಡೆಯ ಸಾಮಾನ್ಯ ಓದುಗರು ಕೇಳುತ್ತಿದ್ದ ಪ್ರಶ್ನೆಗಳಿಗೆ ಕನ್ನಡದಲ್ಲಿ ನೆಮ್ಮದಿಯಾದ ಉತ್ತರ ಸಿಗಬೇಕು ಎಂಬುದು ನನ್ನ ಆಸೆ. ಕುರ್‌ಆನಿಗೆ ವ್ಯಾಖ್ಯಾನ ಬರೆಯುವವರು ಯಾರು? ಒಂದೇ ಗ್ರಂಥಕ್ಕೆ ಇಷ್ಟೊಂದು ವ್ಯಾಖ್ಯಾನಗಳು ಏಕೆ? ಅವು ಒಂದಕ್ಕೊಂದು ಒಪ್ಪದಿದ್ದಾಗ ವಿದ್ವಾಂಸರು ಏನು ಮಾಡುತ್ತಾರೆ? ಸಾವಿರಕ್ಕೂ ಹೆಚ್ಚು ವರ್ಷಗಳಿಂದ ಈ ಕೆಲಸ ಮಾಡುತ್ತ ಬಂದಿರುವ ವಿದ್ಯೆಗೆ ತಫ್ಸೀರ್ ಎಂದು ಹೆಸರು. ಆ ಕೆಲಸ ಮಾಡುವವರು ಮುಫಸ್ಸಿರ್.

ವ್ಯಾಖ್ಯಾನ ಏಕೆ ಬೇಕಾಯಿತು

ಕುರ್‌ಆನಿನಲ್ಲಿ 114 ಅಧ್ಯಾಯಗಳಿವೆ. ಅಧ್ಯಾಯಕ್ಕೆ ಅರಬ್ಬಿಯಲ್ಲಿ ಸೂರಾ ಎಂದೂ ಅದರೊಳಗಿನ ಒಂದೊಂದು ಘಟಕಕ್ಕೆ ಆಯತ್ ಎಂದೂ ಹೇಳುತ್ತಾರೆ. ಆಯತ್ ಎಂಬುದಕ್ಕೆ ಕನ್ನಡದಲ್ಲಿ ‘ಸೂಕ್ತ’ ಎಂಬ ಪದ ಬಳಕೆಗೆ ಬಂದಿದೆ. ಹೆಚ್ಚು ಪ್ರಚಲಿತವಾದ ಎಣಿಕೆಯಲ್ಲಿ ಸೂಕ್ತಗಳ ಸಂಖ್ಯೆ 6236. ಮುಸ್ಲಿಮರ ನಂಬಿಕೆಯಂತೆ ಇವು ಪ್ರವಾದಿ ಮುಹಮ್ಮದರಿಗೆ ಸುಮಾರು 610ರಿಂದ 632ರವರೆಗೆ, ಮೊದಲು ಮಕ್ಕಾದಲ್ಲಿ, ಆಮೇಲೆ ಮದೀನಾದಲ್ಲಿ, ಸಂದರ್ಭ ಬಂದಂತೆಲ್ಲ ಸ್ವಲ್ಪ ಸ್ವಲ್ಪವಾಗಿ ಅವತೀರ್ಣವಾದವು. ಗ್ರಂಥದಲ್ಲಿ ಅವುಗಳ ಜೋಡಣೆ ಕಾಲಾನುಕ್ರಮದ್ದಲ್ಲ. ಮದೀನಾದಲ್ಲಿ ಬಂದ ದೀರ್ಘ ಅಧ್ಯಾಯಗಳು ಮೊದಲಲ್ಲಿವೆ. ಮಕ್ಕಾದ ಆರಂಭದ ದಿನಗಳ ಪುಟ್ಟ ಅಧ್ಯಾಯಗಳು ಬಹುಪಾಲು ಕೊನೆಯಲ್ಲಿವೆ.

ಊರಿನ ಹಿರಿಯರೊಬ್ಬರು ಇಪ್ಪತ್ತಮೂರು ವರ್ಷಗಳ ಕಾಲ ಬರೆದ ಪತ್ರಗಳ ಕಟ್ಟು ನಮ್ಮ ಕೈಗೆ ಸಿಕ್ಕಿತೆಂದು ಭಾವಿಸೋಣ. ‘ಅವರು ಕೇಳಿದರೆ ಹೀಗೆ ಹೇಳು’ ಎಂದು ಒಂದು ಪತ್ರದಲ್ಲಿದ್ದರೆ, ಅವರು ಯಾರು, ಕೇಳಿದ್ದು ಏನು ಎಂಬುದು ಪತ್ರ ಪಡೆದವರಿಗೆ ಗೊತ್ತಿತ್ತು. ನಮಗೆ ಯಾರಾದರೂ ಹೇಳಬೇಕು. ಪ್ರವಾದಿಯ ಕಾಲದಲ್ಲಿ ಕೇಳುಗರ ಎದುರಿಗೇ ಸಂದರ್ಭವಿತ್ತು. ಮುಂದಿನ ತಲೆಮಾರಿಗೆ, ಅದರಲ್ಲೂ ಅರಬ್ಬಿ ಮಾತೃಭಾಷೆಯಲ್ಲದ ಪರ್ಷಿಯಾ, ಮಧ್ಯ ಏಷ್ಯಾ, ಭಾರತದ ಮುಸ್ಲಿಮರಿಗೆ, ಪದವೂ ಸಂದರ್ಭವೂ ವಿವರಣೆ ಬೇಡಿದವು.

ನಮ್ಮ ಕಡೆಯವರಿಗೆ ಇದು ಅಪರಿಚಿತ ಸಂಗತಿಯಲ್ಲ. ಮೈಸೂರಿನಲ್ಲಿ ಕುಮಾರವ್ಯಾಸ ಭಾರತದ ಗಮಕ ನಡೆದರೆ ವಾಚನಕ್ಕೆ ಒಬ್ಬರು, ವ್ಯಾಖ್ಯಾನಕ್ಕೆ ಇನ್ನೊಬ್ಬರು ಕುಳಿತುಕೊಳ್ಳುತ್ತಾರೆ. ಗಮಕಿ ಹಾಡಿದ ಷಟ್ಪದಿಯ ಒಂದು ಅಕ್ಷರವನ್ನೂ ವ್ಯಾಖ್ಯಾನಕಾರರು ಬದಲಿಸುವುದಿಲ್ಲ. ಪದ ಬಿಡಿಸುತ್ತಾರೆ, ಅನ್ವಯ ಹೇಳುತ್ತಾರೆ, ಹಿಂದಿನ ಕಥೆಯನ್ನು ನೆನಪಿಸುತ್ತಾರೆ. ಮುಸ್ಲಿಂ ಪರಂಪರೆಯಲ್ಲಿಯೂ ಮೂಲದ ಪಠಣ ಬೇರೆ, ಅರ್ಥದ ವಿವರಣೆ ಬೇರೆ. ಮೂಲ ದೈವವಾಣಿ, ತಫ್ಸೀರ್ ಮನುಷ್ಯರ ಪರಿಶ್ರಮ ಎಂಬ ಭೇದವನ್ನು ವಿದ್ವಾಂಸರು ಎಂದೂ ಮರೆತಿಲ್ಲ. ವ್ಯಾಖ್ಯಾನಕಾರರು ತಮ್ಮ ವಿವರಣೆಯ ಕೊನೆಗೆ ‘ಅಲ್ಲಾಹನೇ ಚೆನ್ನಾಗಿ ಬಲ್ಲ’ ಎಂದು ಬರೆಯುವ ರೂಢಿ ಇದ್ದುದು ಆ ಕಾರಣದಿಂದಲೇ.

ಒಂದು ನಿಲುಗಡೆಯ ಪ್ರಶ್ನೆ

ತಫ್ಸೀರ್ ಎಂದರೆ ಮುಸುಕಿದ್ದನ್ನು ತೆರೆದು ತೋರಿಸುವುದು. ಇದರ ಜೊತೆಗೆ ತಾವೀಲ್ ಎಂಬ ಇನ್ನೊಂದು ಪದವೂ ಇದೆ. ಮಾತನ್ನು ಅದರ ಮೂಲ ಆಶಯಕ್ಕೆ ಹಿಂದಿರುಗಿಸುವುದು ಎಂದು ಅದರ ಧಾತ್ವರ್ಥ. ಆರಂಭದ ವಿದ್ವಾಂಸರು ಎರಡನ್ನೂ ಒಂದೇ ಅರ್ಥದಲ್ಲಿ ಬಳಸುತ್ತಿದ್ದರು. ಕಾಲಕ್ರಮದಲ್ಲಿ ಪದದ, ಸಂದರ್ಭದ ನೇರ ವಿವರಣೆಗೆ ತಫ್ಸೀರ್ ಎಂದೂ ಹೊರನೋಟಕ್ಕೆ ಕಾಣದ ಆಳದ ಅರ್ಥಕ್ಕೆ ತಾವೀಲ್ ಎಂದೂ ಹಲವರು ವಿಂಗಡಿಸಿದರು.

ವ್ಯಾಖ್ಯಾನದ ಮಿತಿ ಎಲ್ಲಿಯವರೆಗೆ ಎಂಬ ಚರ್ಚೆಗೆ ಕುರ್‌ಆನಿನಲ್ಲಿಯೇ ಬೀಜವಿದೆ. ಮೂರನೆಯ ಅಧ್ಯಾಯದ ಏಳನೆಯ ಸೂಕ್ತವು ಗ್ರಂಥದ ಕೆಲವು ವಾಕ್ಯಗಳು ಸ್ಪಷ್ಟಾರ್ಥವುಳ್ಳವು, ಅವೇ ಗ್ರಂಥದ ಬುನಾದಿ, ಇನ್ನು ಕೆಲವು ಒಂದಕ್ಕಿಂತ ಹೆಚ್ಚು ಅರ್ಥಕ್ಕೆ ಎಡೆಕೊಡುವಂಥವು ಎನ್ನುತ್ತದೆ. ಮುಂದಿನ ಮಾತನ್ನು ಎರಡು ಬಗೆಯಲ್ಲಿ ಓದಬಹುದು. ‘ಅದರ ತಾವೀಲನ್ನು ಅಲ್ಲಾಹನ ಹೊರತು ಯಾರೂ ಅರಿಯರು’ ಎಂದು ನಿಲ್ಲಿಸಿದರೆ ಅಂಥ ವಾಕ್ಯಗಳ ಅರ್ಥ ಮನುಷ್ಯನಿಗೆ ದಕ್ಕುವುದಲ್ಲ. ನಿಲ್ಲಿಸದೆ ‘ಅಲ್ಲಾಹನೂ ಜ್ಞಾನದಲ್ಲಿ ನೆಲೆನಿಂತವರೂ ಹೊರತು’ ಎಂದು ಮುಂದುವರಿಸಿದರೆ ವಿದ್ವಾಂಸರಿಗೂ ಅದು ತಿಳಿಯಬಲ್ಲದು. ಎರಡೂ ಓದಿಗೆ ಆರಂಭದ ಕಾಲದಿಂದಲೇ ಸಮರ್ಥಕರಿದ್ದಾರೆ.

ಉಸಿರು ಎಲ್ಲಿ ನಿಲ್ಲುತ್ತದೆ ಎಂಬುದರಿಂದ ಒಂದು ಸಿದ್ಧಾಂತವೇ ಬದಲಾಗುವುದು ಕನ್ನಡಿಗರಿಗೆ ವಿಚಿತ್ರವೆನಿಸಬಾರದು. ಛಾಂದೋಗ್ಯ ಉಪನಿಷತ್ತಿನ ‘ತತ್ತ್ವಮಸಿ’ ವಾಕ್ಯವನ್ನು ಶಂಕರರು ಮತ್ತು ರಾಮಾನುಜರು ‘ತತ್ ತ್ವಂ ಅಸಿ’ ಎಂದು ಬಿಡಿಸಿಯೂ ಬೇರೆ ಬೇರೆ ಅರ್ಥ ಹೇಳಿದರು. ಮಧ್ವರು ಹಿಂದಿನ ಪದದೊಡನೆ ಸಂಧಿ ಮಾಡಿ ‘ಅತತ್ ತ್ವಂ ಅಸಿ’ ಎಂದು ಬಿಡಿಸಿದರು. ಮೇಲುಕೋಟೆಯ ಪಾಠಶಾಲೆಗಳಲ್ಲಿ ಭಾಷ್ಯ ಓದಿದವರಿಗೆ ತಫ್ಸೀರ್ ಗ್ರಂಥದ ಪುಟ ತೆರೆದರೆ ಅದರ ಚರ್ಚೆಯ ನಡೆ ತಕ್ಷಣ ಪರಿಚಿತವೆನಿಸುತ್ತದೆ.

ಮುಫಸ್ಸಿರನ ಕೈಯಲ್ಲಿರುವ ಉಪಕರಣಗಳು

ಮೊದಲನೆಯದು ಕುರ್‌ಆನಿನಿಂದಲೇ ಕುರ್‌ಆನಿಗೆ ಅರ್ಥ ಹೇಳುವುದು. ಆರನೆಯ ಅಧ್ಯಾಯದ 82ನೆಯ ಸೂಕ್ತವು, ತಮ್ಮ ವಿಶ್ವಾಸದೊಡನೆ ‘ಝುಲ್ಮ್’ ಬೆರೆಸದವರಿಗೆ ಮಾತ್ರ ಅಭಯ ಎನ್ನುತ್ತದೆ. ಝುಲ್ಮ್ ಎಂದರೆ ಅನ್ಯಾಯ. ನಮ್ಮ ಆಡುಮಾತಿನ ‘ಜುಲುಮೆ’ ಇದೇ ಪದ. ಇದನ್ನು ಕೇಳಿ ಪ್ರವಾದಿಯ ಸಂಗಾತಿಗಳು ಕಂಗೆಟ್ಟು, ತನಗೆ ತಾನೇ ಅನ್ಯಾಯ ಮಾಡಿಕೊಳ್ಳದವನು ನಮ್ಮಲ್ಲಿ ಯಾರಿದ್ದಾನೆ ಎಂದು ಕೇಳಿದರು. ಇಲ್ಲಿ ಆ ಪದದ ಅರ್ಥ ಅದಲ್ಲ ಎಂದ ಪ್ರವಾದಿ, 31ನೆಯ ಅಧ್ಯಾಯದಲ್ಲಿ ಜ್ಞಾನಿ ಲುಕ್ಮಾನರು ಮಗನಿಗೆ ಹೇಳುವ ‘ದೇವರಿಗೆ ಸಹಭಾಗಿಗಳನ್ನು ಕಲ್ಪಿಸುವುದು ಮಹಾ ಝುಲ್ಮ್’ ಎಂಬ ಮಾತನ್ನು ನೆನಪಿಸಿದರು.

ಎರಡನೆಯದು ಪ್ರವಾದಿಯ ಮಾತು ಮತ್ತು ನಡೆಯ ವರದಿ, ಅಂದರೆ ಹದೀಸ್. ರಂಜಾನಿನ ಉಪವಾಸಕ್ಕೆ ಸಂಬಂಧಿಸಿದ ಸೂಕ್ತದಲ್ಲಿ (2:187, ಅಂದರೆ ಎರಡನೆಯ ಅಧ್ಯಾಯದ 187ನೆಯ ಸೂಕ್ತ) ಬಿಳಿಯ ದಾರ ಕಪ್ಪು ದಾರದಿಂದ ಸ್ಪಷ್ಟವಾಗಿ ಬೇರ್ಪಟ್ಟು ಕಾಣುವವರೆಗೆ ಉಣ್ಣಬಹುದು, ಕುಡಿಯಬಹುದು ಎಂದಿದೆ. ಅದೀ ಇಬ್ನ್ ಹಾತಿಮ್ ಎಂಬವರು ನಿಜವಾಗಿಯೂ ಒಂದು ಬಿಳಿ, ಒಂದು ಕರಿ ದಾರವನ್ನು ದಿಂಬಿನ ಕೆಳಗಿಟ್ಟುಕೊಂಡು ರಾತ್ರಿಯಿಡೀ ನೋಡಿದರು. ಅದು ಇರುಳಿನ ಕಪ್ಪು ಮತ್ತು ಹಗಲಿನ ಬೆಳಕು ಎಂದು ಪ್ರವಾದಿ ತಿಳಿಸಿಕೊಟ್ಟರು. ಅರಬ್ಬಿಯೇ ತಾಯಿನುಡಿಯಾಗಿದ್ದವರಿಗೂ ರೂಪಕ ಯಾವುದು, ವಾಚ್ಯಾರ್ಥ ಯಾವುದು ಎಂಬ ಸಂದೇಹ ಬರುತ್ತಿತ್ತು ಎಂಬುದು ಇದರಿಂದ ತಿಳಿಯುತ್ತದೆ.

ಮೂರನೆಯದು ಸೂಕ್ತ ಅವತೀರ್ಣವಾದ ಸಂದರ್ಭ. ಹಜ್ ಯಾತ್ರಿಕರು ಸಫಾ, ಮರ್ವಾ ಎಂಬ ಎರಡು ಗುಡ್ಡಗಳ ನಡುವೆ ಓಡಾಡಿದರೆ ‘ತಪ್ಪೇನಿಲ್ಲ’ ಎಂದು 2:158 ಹೇಳುತ್ತದೆ. ಹಾಗಾದರೆ ಅದನ್ನು ಮಾಡದಿದ್ದರೂ ನಡೆಯುತ್ತದೆಯಲ್ಲವೇ ಎಂದು ಉರ್ವಾ ಎಂಬವರು ತಮ್ಮ ಚಿಕ್ಕಮ್ಮ, ಪ್ರವಾದಿಯ ಪತ್ನಿ ಆಯಿಶಾ ಅವರನ್ನು ಕೇಳಿದರು. ಆಯಿಶಾ ಅವರು ಒಪ್ಪಲಿಲ್ಲ. ನಿನ್ನ ಅರ್ಥ ಬರಬೇಕಾದರೆ ‘ಓಡಾಡದಿದ್ದರೆ ತಪ್ಪಿಲ್ಲ’ ಎಂದಿರಬೇಕಿತ್ತು. ಇಸ್ಲಾಮಿಗೆ ಮುಂಚೆ ಮನಾತ್ ದೇವತೆಯನ್ನು ಪೂಜಿಸುತ್ತಿದ್ದ ಮದೀನಾದವರಿಗೆ ಆ ಗುಡ್ಡಗಳ ನಡುವೆ ಹೋಗಲು ಹಿಂಜರಿಕೆಯಿತ್ತು, ಅದನ್ನು ನಿವಾರಿಸಲು ಬಂದ ಮಾತಿದು ಎಂದು ವಿವರಿಸಿದರು. ವ್ಯಾಕರಣವನ್ನೂ ಇತಿಹಾಸವನ್ನೂ ಒಟ್ಟಿಗೆ ಹಿಡಿದು ಒಬ್ಬ ಮಹಿಳೆ ಮಾಡಿದ ಈ ವ್ಯಾಖ್ಯಾನ ನನಗೆ ಇಡೀ ಪರಂಪರೆಯ ಅತ್ಯಂತ ಸುಂದರ ನಿದರ್ಶನಗಳಲ್ಲಿ ಒಂದಾಗಿ ಕಾಣುತ್ತದೆ.

ನಾಲ್ಕನೆಯದು ಭಾಷೆ. ಇಲ್ಲಿ ಒಂದು ಸ್ವರದ ವ್ಯತ್ಯಾಸವೂ ಆಚರಣೆಯನ್ನು ಮುಟ್ಟುತ್ತದೆ. ನಮಾಜಿಗೆ ಮುಂಚಿನ ಅಂಗಶುದ್ಧಿಯನ್ನು ವಿಧಿಸುವ 5:6ರಲ್ಲಿ ಮುಖ, ಕೈಗಳನ್ನು ತೊಳೆಯಿರಿ, ತಲೆಯನ್ನು ಒದ್ದೆಗೈಯಿಂದ ಸವರಿರಿ ಎಂದ ಮೇಲೆ ‘ನಿಮ್ಮ ಕಾಲುಗಳು’ ಎಂಬ ಪದ ಬರುತ್ತದೆ. ಪರಂಪರೆ ಒಪ್ಪಿದ ಪಾಠಗಳಲ್ಲಿ ಅದು ‘ಅರ್ಜುಲಕುಮ್’ ಎಂದೂ ಇದೆ, ‘ಅರ್ಜುಲಿಕುಮ್’ ಎಂದೂ ಇದೆ. ಅರಬ್ಬಿಯಲ್ಲಿ ಈ ಸ್ವರವೇ ವಿಭಕ್ತಿ ಸೂಚಕ. ಮೊದಲನೆಯದನ್ನು ‘ತೊಳೆಯಿರಿ’ ಎಂಬ ಕ್ರಿಯೆಗೂ ಎರಡನೆಯದನ್ನು ‘ಸವರಿರಿ’ ಎಂಬುದಕ್ಕೂ ಅನ್ವಯಿಸುವುದು ಸಹಜ. ಸುನ್ನಿಗಳು ಕಾಲು ತೊಳೆಯುತ್ತಾರೆ, ಶಿಯಾಗಳು ಒದ್ದೆಗೈಯಿಂದ ಸವರುತ್ತಾರೆ. ಎರಡು ಪಂಥದವರೂ ಎರಡೂ ಪಾಠಗಳನ್ನು ಬಲ್ಲರು. ತಮ್ಮ ಆಚರಣೆಗೆ ಹದೀಸ್ ಮತ್ತು ವ್ಯಾಕರಣದ ಬೇರೆ ಆಧಾರಗಳನ್ನೂ ಕೊಡುತ್ತಾರೆ.

ಇನ್ನು ಹೆಚ್ಚು ಸದ್ದು ಮಾಡಿರುವ ಪದವನ್ನೇ ತೆಗೆದುಕೊಳ್ಳೋಣ. ‘ಕಾಫಿರ್’ ಎಂಬುದರ ಧಾತುವಿಗೆ ಮುಚ್ಚು ಎಂಬ ಅರ್ಥವಿದೆ. ಸತ್ಯವನ್ನು ಮುಚ್ಚಿಡುವವನು ಎಂಬುದರಿಂದ ನಿರಾಕರಿಸುವವನು ಎಂಬ ಅರ್ಥ ಬಂದಿದೆ. 14:7ರಲ್ಲಿ ಅದೇ ಧಾತುವಿನ ಕ್ರಿಯಾಪದ ಕೃತಜ್ಞತೆಗೆ ವಿರುದ್ಧವಾಗಿ ನಿಂತಿದೆ. ಅಂದರೆ ಅಲ್ಲಿ ಅದು ಪಡೆದ ಉಪಕಾರವನ್ನು ಮುಚ್ಚಿಡುವ ಕೃತಘ್ನತೆ. 57:20ರಲ್ಲಿ ಲೌಕಿಕ ಬದುಕನ್ನು ಮಳೆಗೆ ಹೋಲಿಸಿ, ಆ ಮಳೆಯಿಂದ ಬಂದ ಬೆಳೆ ‘ಕುಫ್ಫಾರ್’ ಆದವರನ್ನು ಹಿಗ್ಗಿಸುತ್ತದೆ, ಆಮೇಲೆ ಒಣಗಿ ಹಳದಿಯಾಗುತ್ತದೆ ಎಂದಿದೆ. ಕುಫ್ಫಾರ್ ಎಂಬುದು ಕಾಫಿರ್ ಪದದ ಬಹುವಚನ. ಹೆಚ್ಚಿನ ವ್ಯಾಖ್ಯಾನಕಾರರು ಇಲ್ಲಿ ಅದಕ್ಕೆ ರೈತರು ಎಂದೇ ಅರ್ಥ ಹೇಳುತ್ತಾರೆ: ಬಿತ್ತಿದ ಬೀಜವನ್ನು ಮಣ್ಣಿನಿಂದ ಮುಚ್ಚುವವರು. ಸತ್ಯನಿಷೇಧಿಗಳು ಎಂದೇ ಉಳಿಸಿಕೊಂಡವರೂ ಇದ್ದಾರೆ. ಪದಕೋಶದ ಒಂದೇ ಅರ್ಥವನ್ನು ಎಲ್ಲ ಕಡೆಗೂ ಹಚ್ಚಿದರೆ ಏನಾಗುತ್ತದೆ ಎಂಬುದು ಮಂಡ್ಯದ ಗದ್ದೆ ಬಯಲಿನವರಿಗೆ ಬೇರೆಯವರು ಹೇಳಬೇಕಾಗಿಲ್ಲ.

ಕೊನೆಯದಾಗಿ ನಸ್ಖ್: ನಂತರ ಬಂದ ಆಜ್ಞೆ ಹಿಂದಿನದನ್ನು ಬದಲಿಸುವುದು. ಮದ್ಯದ ವಿಷಯದಲ್ಲಿ ಮೊದಲು ಅದರ ಕೆಡುಕು ಲಾಭಕ್ಕಿಂತ ದೊಡ್ಡದು ಎಂದು (2:219), ಆಮೇಲೆ ಅಮಲಿನಲ್ಲಿ ನಮಾಜಿನ ಹತ್ತಿರ ಹೋಗಬೇಡಿ ಎಂದು (4:43), ಕಡೆಗೆ ಅದನ್ನು ಪೂರ್ತಿ ತೊರೆಯಿರಿ ಎಂದು (5:90) ಬಂದಿತು. ಆದರೆ ಹೀಗೆ ರದ್ದಾದ ಸೂಕ್ತಗಳು ಎಷ್ಟು ಎಂಬುದರಲ್ಲಿ ಒಮ್ಮತವಿಲ್ಲ. ಇನ್ನೂರಕ್ಕೂ ಹೆಚ್ಚು ಎಂದವರಿದ್ದರು. 9:5ರ ಯುದ್ಧಾಜ್ಞೆಯೊಂದೇ ಸಹನೆಯನ್ನು ಬೋಧಿಸುವ ನೂರಕ್ಕೂ ಹೆಚ್ಚು ಸೂಕ್ತಗಳನ್ನು ರದ್ದುಮಾಡಿತು ಎಂದ ಹಳೆಯ ವಿದ್ವಾಂಸರೂ ಇದ್ದರು. ಬೇರೆಯವರು ಅದನ್ನು ಒಪ್ಪದೆ, ಒಪ್ಪಂದ ಮುರಿಯದವರೊಡನೆ ಅದನ್ನು ಪಾಲಿಸಿರಿ ಎನ್ನುವ 9:4 ಮತ್ತು ಆಶ್ರಯ ಕೇಳಿದವನನ್ನು ಸುರಕ್ಷಿತ ಸ್ಥಳಕ್ಕೆ ತಲುಪಿಸಿರಿ ಎನ್ನುವ 9:6ರ ನಡುವೆಯೇ ಆ ಸೂಕ್ತವನ್ನು ಓದಬೇಕು ಎಂದರು. ಹದಿನೈದನೆಯ ಶತಮಾನದ ಸುಯೂತಿ ರದ್ದಾದ ಸೂಕ್ತಗಳನ್ನು ಸುಮಾರು ಇಪ್ಪತ್ತಕ್ಕೆ ಇಳಿಸಿದರು. ದೆಹಲಿಯ ಶಾ ವಲಿಯುಲ್ಲಾ (1703–1762) ಐದಕ್ಕೆ ಇಳಿಸಿದರು. ವಾಟ್ಸ್‌ಆ್ಯಪಿನಲ್ಲಿ ಒಂಟಿಯಾಗಿ ಬರುವ ಸೂಕ್ತವೊಂದರ ಹಿಂದೆ ಇಷ್ಟು ಚರ್ಚೆ ಇರುತ್ತದೆ.

ತಬರಿಯ ಪುಟದಲ್ಲಿ ಒಂದು ಸೂಕ್ತ

ಪ್ರವಾದಿಯ ಸಂಗಾತಿಗಳಲ್ಲಿ ಇಬ್ನ್ ಅಬ್ಬಾಸ್ ಅವರಿಗೆ ಕುರ್‌ಆನಿನ ಅರ್ಥ ಹೇಳುವುದರಲ್ಲಿ ದೊಡ್ಡ ಹೆಸರು. ಆರಂಭದ ತಲೆಮಾರುಗಳ ಇಂಥ ಸಾವಿರಾರು ಹೇಳಿಕೆಗಳನ್ನು ಒಂದೆಡೆ ತಂದವರು ಬಗ್ದಾದಿನಲ್ಲಿ ನೆಲೆಸಿದ್ದ ತಬರಿ (839–923). ಅವರ ವಿಧಾನ ತಿಳಿಯಲು 24:31ಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ಬೇಕಿಲ್ಲ. ಸ್ತ್ರೀಯರು ತಮ್ಮ ಅಲಂಕಾರವನ್ನು ‘ಅದರಲ್ಲಿ ಹೊರಗೆ ಕಾಣುವುದರ ಹೊರತು’ ಪ್ರಕಟಿಸಬಾರದು, ಖಿಮಾರ್ ಎಂಬ ತಲೆವಸ್ತ್ರವನ್ನು ಎದೆಯ ಮೇಲೆ ಎಳೆದುಕೊಳ್ಳಬೇಕು ಎಂಬುದು ಅಲ್ಲಿನ ಮಾತು. ಹೊರಗೆ ಕಾಣುವುದು ಎಂದರೆ ಯಾವುದು? ತಬರಿ ಹಿಂದಿನವರ ಅಭಿಪ್ರಾಯಗಳನ್ನು ಸಾಲಾಗಿ ಕೊಡುತ್ತಾರೆ. ಪ್ರವಾದಿಯ ಇನ್ನೊಬ್ಬ ಸಂಗಾತಿ ಇಬ್ನ್ ಮಸ್‌ಊದ್ ಅವರ ಪ್ರಕಾರ ಅದು ಮೇಲುಡುಪು ಮಾತ್ರ. ಕಣ್ಣಿನ ಕಾಡಿಗೆ, ಉಂಗುರ ಎಂಬ ಮಾತು ಇಬ್ನ್ ಅಬ್ಬಾಸರ ಹೆಸರಿನಲ್ಲಿ ಬಂದಿದೆ. ಮುಖ ಮತ್ತು ಕೈಗಳು ಎಂದವರೂ ಇದ್ದಾರೆ. ಪ್ರತಿಯೊಂದು ಹೇಳಿಕೆಯ ಜೊತೆಗೆ ಅದನ್ನು ಯಾರಿಂದ ಯಾರು ಕೇಳಿದರು ಎಂಬ ಸರಪಳಿ ಇರುತ್ತದೆ. ಇದಕ್ಕೆ ಇಸ್ನಾದ್ ಎನ್ನುತ್ತಾರೆ. ಎಲ್ಲವನ್ನೂ ಹೇಳಿದ ಮೇಲೆ ತಬರಿ ತಮ್ಮ ಆಯ್ಕೆಯನ್ನು ಕಾರಣಸಹಿತ ತಿಳಿಸುತ್ತಾರೆ: ನಮಾಜಿನಲ್ಲಿ ಸ್ತ್ರೀ ತನ್ನ ಮುಖವನ್ನೂ ಕೈಗಳನ್ನೂ ತೆರೆದಿರಬಹುದು ಎಂಬುದರಲ್ಲಿ ಸಹಮತವಿರುವುದರಿಂದ ಇಲ್ಲಿಯೂ ಅವೇ ಸರಿ. ತಾವು ಒಪ್ಪದ ಅಭಿಪ್ರಾಯವನ್ನು ಅವರು ಅಳಿಸಿಹಾಕಲಿಲ್ಲ. ಆದ್ದರಿಂದಲೇ ಮುಖವನ್ನೂ ಮುಚ್ಚಬೇಕು ಎಂದ ಮುಂದಿನವರೂ ಬೇಡವೆಂದವರೂ ತಮ್ಮ ಆಧಾರವನ್ನು ಅಲ್ಲಿಯೇ ಹುಡುಕಿಕೊಳ್ಳಲು ಸಾಧ್ಯವಾಯಿತು.

ತಬರಿಯ ನಂತರ ಒಬ್ಬೊಬ್ಬ ವ್ಯಾಖ್ಯಾನಕಾರ ತನ್ನ ಶಾಸ್ತ್ರದ ಕಣ್ಣಿನಿಂದ ಗ್ರಂಥವನ್ನು ನೋಡಿದ. ಮಧ್ಯ ಏಷ್ಯಾದ ಖ್ವಾರಜ್ಮಿನ ಝಮಖ್‌ಶರಿ (1075–1144) ಅಲಂಕಾರ ಮತ್ತು ವ್ಯಾಕರಣದಲ್ಲಿ ಅದ್ವಿತೀಯರು. ಬುದ್ಧಿ, ತರ್ಕಗಳಿಗೆ ಪ್ರಾಧಾನ್ಯ ಕೊಡುವ ಅವರ ಮುಅ್‌ತಝಿಲಾ ಸಿದ್ಧಾಂತವನ್ನು ತಿರಸ್ಕರಿಸಿದವರೂ ಭಾಷೆಗಾಗಿ ಅವರನ್ನೇ ಓದಿದರು. 1210ರಲ್ಲಿ ತೀರಿಕೊಂಡ ಫಖ್ರುದ್ದೀನ್ ರಾಝಿ ತತ್ತ್ವಶಾಸ್ತ್ರ, ತರ್ಕಗಳನ್ನು ತಂದರು. ಕಾರ್ಡೋಬಾದ ಕುರ್ತುಬಿ ಧರ್ಮಶಾಸ್ತ್ರದ ವಿಧಿಗಳನ್ನು ಹೆಕ್ಕಿದರು. ಡಮಾಸ್ಕಸ್‌ನ ಇಬ್ನ್ ಕಸೀರ್ ಹದೀಸ್‌ಗಳಿಗೆ ಹೆಚ್ಚು ಒತ್ತು ಕೊಟ್ಟರು. ಶಿಯಾ ಪರಂಪರೆಯಲ್ಲಿ ತೂಸಿ, ತಬ್ರಿಸಿ ಅವರ ಗ್ರಂಥಗಳಿವೆ. ಸೂಫಿಗಳಲ್ಲಿ ಕುಶೈರಿಯಂಥವರು ವಾಚ್ಯಾರ್ಥವನ್ನು ಉಳಿಸಿಕೊಂಡೇ ಒಳಗಿನ ಸೂಚನೆಗಳನ್ನು ಅರಸಿದರು. ‘ಜಲಾಲೈನ್’ ಎಂಬ ಸಂಕ್ಷಿಪ್ತ ವ್ಯಾಖ್ಯಾನವನ್ನು ಮಹಲ್ಲಿ ಆರಂಭಿಸಿ ಶಿಷ್ಯ ಸುಯೂತಿ ಮುಗಿಸಿದರು. ಇಬ್ಬರ ಹೆಸರಿನಲ್ಲೂ ಜಲಾಲುದ್ದೀನ್ ಇರುವುದರಿಂದ ‘ಇಬ್ಬರು ಜಲಾಲರದು’ ಎಂದು ಅದಕ್ಕೆ ಹೆಸರಾಯಿತು. ನಮ್ಮ ದೇಶದ ಮದರಸಾಗಳಲ್ಲಿ ಇಂದಿಗೂ ಅದು ಪಠ್ಯ.

ಭಾರತದ ನೆಲದಲ್ಲಿ

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಗ್ರಂಥಾಲಯದ ಸುಮಾರು 2000 ಸಂಪುಟಗಳು ಬ್ರಿಟಿಷರ ಕೈಸೇರಿದವು. 1809ರಲ್ಲಿ ಚಾರ್ಲ್ಸ್ ಸ್ಟೀವರ್ಟ್ ಪ್ರಕಟಿಸಿದ ಅದರ ಪಟ್ಟಿಯಲ್ಲಿ ಕುರ್‌ಆನ್ ವ್ಯಾಖ್ಯಾನಗಳಿಗೇ ಒಂದು ಪ್ರತ್ಯೇಕ ವಿಭಾಗವಿದೆ. ಕಾವೇರಿ ತೀರದಲ್ಲಿ ಈ ಶಾಸ್ತ್ರ ಹೊಸದಾಗಿ ಬಂದದ್ದಲ್ಲ.

ಜನರ ಭಾಷೆಗೆ ಅರ್ಥವನ್ನು ತರುವ ಕೆಲಸದಲ್ಲಿ ಮುಂದಾದವರು ಶಾ ವಲಿಯುಲ್ಲಾ. ಅವರು ಪರ್ಷಿಯನ್ನಿಗೆ ಅನುವಾದಿಸಿದರು, ಅವರ ಇಬ್ಬರು ಮಕ್ಕಳು ಉರ್ದುವಿಗೆ ತಂದರು. ಹತ್ತೊಂಬತ್ತನೆಯ ಶತಮಾನದಲ್ಲಿ ಸರ್ ಸಯ್ಯದ್ ಅಹ್ಮದ್ ಖಾನ್ ದೇವರ ವಾಣಿಗೂ ದೇವರ ಸೃಷ್ಟಿಗೂ ವಿರೋಧ ಇರಲಾರದು ಎಂಬ ಸೂತ್ರ ಹಿಡಿದು, ಪವಾಡಗಳನ್ನು ಪ್ರಕೃತಿ ನಿಯಮಕ್ಕೆ ಹೊಂದುವಂತೆ ವಿವರಿಸಿ ತೀವ್ರ ವಿರೋಧ ಎದುರಿಸಿದರು. ಮೌಲಾನಾ ಅಬುಲ್ ಕಲಾಂ ಆಜಾದ್ ಮೊದಲ ಅಧ್ಯಾಯದ ವ್ಯಾಖ್ಯಾನದಲ್ಲಿ ಎಲ್ಲ ಧರ್ಮಗಳ ಮೂಲದ ಏಕತೆಯನ್ನು ಎತ್ತಿ ಹಿಡಿದರು. ಅವರ ಗ್ರಂಥ ಅಪೂರ್ಣವಾಗಿಯೇ ಉಳಿಯಿತು. ಜಮಾಅತೆ ಇಸ್ಲಾಮಿಯ ಸ್ಥಾಪಕ ಮೌದೂದಿಯವರು 1942ರಲ್ಲಿ ಆರಂಭಿಸಿ 1972ರಲ್ಲಿ ಮುಗಿಸಿದ ಆರು ಸಂಪುಟಗಳ ಉರ್ದು ವ್ಯಾಖ್ಯಾನವು ಕುರ್‌ಆನನ್ನು ಸಮಾಜ ಮತ್ತು ರಾಜ್ಯದ ಸಮಗ್ರ ವ್ಯವಸ್ಥೆಯ ಕೈಪಿಡಿಯಾಗಿ ಓದಿತು. ಫರಾಹಿ ಮತ್ತು ಅವರ ಶಿಷ್ಯ ಇಸ್ಲಾಹಿ ಬಿಡಿ ಸೂಕ್ತಗಳನ್ನು ಬಿಟ್ಟು ಪ್ರತಿ ಅಧ್ಯಾಯಕ್ಕೂ ಒಂದು ಕೇಂದ್ರ ವಿಷಯವಿದೆ, ಅಧ್ಯಾಯಗಳು ಜೋಡಿಜೋಡಿಯಾಗಿವೆ ಎಂದು ತೋರಿಸಲು ಶ್ರಮಿಸಿದರು.

ಆಧುನಿಕರ ಹೊಸ ಪ್ರಶ್ನೆಗಳು

ಈಜಿಪ್ಟಿನ ಮುಹಮ್ಮದ್ ಅಬ್ದುಹು (1849–1905) ವ್ಯಾಕರಣದ ಜಟಿಲತೆಗಿಂತ ಮಾರ್ಗದರ್ಶನ ಮುಖ್ಯ ಎಂದರು. ಅಲ್ಲಿಯ ಅಮೀನ್ ಅಲ್ ಖೂಲಿ ಮತ್ತು ಅವರ ಪತ್ನಿ, ‘ಬಿಂತ್ ಅಲ್ ಶಾತಿ’ ಎಂದು ಪ್ರಸಿದ್ಧರಾದ ಆಯಿಶಾ ಅಬ್ದುರ್ರಹ್ಮಾನ್, ಕುರ್‌ಆನನ್ನು ಸಾಹಿತ್ಯಶಾಸ್ತ್ರದ ಕ್ರಮದಲ್ಲಿ ಓದಬೇಕು, ಒಂದು ಪದ ಗ್ರಂಥದಲ್ಲಿ ಬಂದ ಎಡೆಗಳನ್ನೆಲ್ಲ ಕೂಡಿಸಿ ಅದರ ಅರ್ಥ ಕಟ್ಟಬೇಕು ಎಂದರು. ಜಪಾನಿನ ತೊಶಿಹಿಕೊ ಇಝುತ್ಸು ಇದೇ ಬಗೆಯ ಪದಾಧ್ಯಯನವನ್ನು ಮುಸ್ಲಿಮೇತರ ವಿದ್ವಾಂಸರಾಗಿ ಮಾಡಿದರು. ಇಂದಿನ ವೈಜ್ಞಾನಿಕ ಸಂಶೋಧನೆಗಳನ್ನು ಸೂಕ್ತಗಳಲ್ಲಿ ಹುಡುಕುವ ಪದ್ಧತಿ ಜನಪ್ರಿಯವಾದರೂ ಖೂಲಿಯಂಥವರು ಅದನ್ನು ಒಪ್ಪಲಿಲ್ಲ. ಮೊದಲ ಕೇಳುಗರಿಗೆ ತಿಳಿಯಲಾಗದ ಅರ್ಥವನ್ನು ಪದದ ಮೇಲೆ ಹೊರಿಸಬಾರದು ಎಂಬುದು ಅವರ ಆಕ್ಷೇಪ.

ಪಾಕಿಸ್ತಾನದ ಫಝಲುರ್ರಹ್ಮಾನ್ (1919–1988) ಎರಡು ಹೆಜ್ಜೆಯ ವಿಧಾನ ಸೂಚಿಸಿದರು. ಮೊದಲು ಏಳನೆಯ ಶತಮಾನಕ್ಕೆ ಹೋಗಿ ಒಂದು ಆಜ್ಞೆ ಯಾವ ಸಮಸ್ಯೆಗೆ ಉತ್ತರವಾಗಿತ್ತು, ಅದರ ಹಿಂದಿನ ನೈತಿಕ ತತ್ತ್ವ ಯಾವುದು ಎಂದು ಕಂಡುಕೊಳ್ಳಬೇಕು. ಆಮೇಲೆ ಆ ತತ್ತ್ವದೊಡನೆ ಇಂದಿಗೆ ಮರಳಬೇಕು. 4:3ರಲ್ಲಿ ನ್ಯಾಯ ಪಾಲಿಸುವುದಾದರೆ ನಾಲ್ವರವರೆಗೆ ಪತ್ನಿಯರಿಗೆ ಅನುಮತಿಯಿದೆ. 4:129 ನೀವು ಎಷ್ಟು ಬಯಸಿದರೂ ಪತ್ನಿಯರ ನಡುವೆ ನ್ಯಾಯ ಪಾಲಿಸಲಾರಿರಿ ಎನ್ನುತ್ತದೆ. ಹಿಂದಿನವರು ಮೊದಲನೆಯದನ್ನು ಅನ್ನ, ವಸ್ತ್ರ, ವಸತಿಯ ನ್ಯಾಯವೆಂದೂ ಎರಡನೆಯದನ್ನು ಮನಸ್ಸಿನ ಒಲವೆಂದೂ ವಿವರಿಸಿ ಅನುಮತಿಯನ್ನು ಉಳಿಸಿಕೊಂಡರು. ಅಬ್ದುಹು, ಫಝಲುರ್ರಹ್ಮಾನ್ ಮೊದಲಾದವರು ಎರಡನ್ನೂ ಕೂಡಿಸಿ ಓದಿ ಏಕಪತ್ನಿತ್ವವೇ ಗ್ರಂಥದ ಗುರಿ ಎಂದರು. 1992ರಲ್ಲಿ ಅಮೀನಾ ವದೂದ್ ಸ್ತ್ರೀಯ ಅನುಭವದಿಂದ ಇಡೀ ಕುರ್‌ಆನನ್ನು ಓದುವ ಅಧ್ಯಯನ ಪ್ರಕಟಿಸಿದರು. ಇಂಥ ಓದುಗಳಿಗೆ ಬೆಲೆ ತೆತ್ತವರೂ ಇದ್ದಾರೆ: ಕುರ್‌ಆನನ್ನು ಇತಿಹಾಸದೊಳಗಿನ ಪಠ್ಯವಾಗಿ ಅಧ್ಯಯನ ಮಾಡಿದ ನಸ್ರ್ ಹಾಮಿದ್ ಅಬೂ ಝೈದ್ ಅವರನ್ನು 1995ರಲ್ಲಿ ಕೈರೋದ ನ್ಯಾಯಾಲಯ ಧರ್ಮಭ್ರಷ್ಟರೆಂದು ಸಾರಿತು, ಅವರು ದೇಶ ಬಿಟ್ಟು ಹೋಗಬೇಕಾಯಿತು.

ಕನ್ನಡ ಓದುಗರು ಪುಸ್ತಕ ತೆರೆದಾಗ

ಕನ್ನಡದಲ್ಲಿ ಕುರ್‌ಆನ್ ಅನುವಾದ ಒಂದಕ್ಕಿಂತ ಹೆಚ್ಚು ಇವೆ. ಅವನ್ನು ಓದುವಾಗ ಆವರಣ ಚಿಹ್ನೆಯೊಳಗಿನ ಪದಗಳನ್ನು ಗಮನಿಸಬೇಕು. ಅವು ಮೂಲದವಲ್ಲ, ಅನುವಾದಕರು ಯಾವುದೋ ತಫ್ಸೀರ್‌ನಿಂದ ತಂದವು. 57:20ರಲ್ಲಿ ‘ರೈತರು’ ಎಂದು ಅಚ್ಚಾಗಿದ್ದರೆ ಅಲ್ಲಿ ಆಯ್ಕೆಯೊಂದು ನಡೆದಿದೆ. 24:31ರಲ್ಲಿ ‘ಮುಖ ಮತ್ತು ಕೈಗಳು’ ಎಂದು ಆವರಣದಲ್ಲಿದ್ದರೆ ತಬರಿಯ ಪುಟದ ಸಾಲುಗಳಲ್ಲಿ ಒಂದು ಮಾತ್ರ ನಮ್ಮ ಮುಂದೆ ಬಂದಿದೆ.

ಹೈಕೋರ್ಟಿನ ಮುಂದಿದ್ದ ಪುಸ್ತಕವೂ ಇದೇ ಬಗೆಯದು. ಯೂಸುಫ್ ಅಲಿಯವರು (1872–1953) ಭಾರತೀಯ ಸಿವಿಲ್ ಸರ್ವಿಸಿನಲ್ಲಿದ್ದವರು. ಅವರ ಅನುವಾದವೂ ಆರು ಸಾವಿರಕ್ಕೂ ಹೆಚ್ಚು ಅಡಿಟಿಪ್ಪಣಿಗಳೂ 1934ರಿಂದ ಲಾಹೋರಿನಲ್ಲಿ ಕಂತುಕಂತಾಗಿ ಅಚ್ಚಾದವು. 1985ರ ಶಾ ಬಾನೊ ಪ್ರಕರಣದಲ್ಲಿ, ವಿಚ್ಛೇದಿತ ಸ್ತ್ರೀಗೆ ಸಲ್ಲಬೇಕಾದುದನ್ನು ಹೇಳುವ 2:241ರ ಅರ್ಥಕ್ಕಾಗಿ ಸುಪ್ರೀಂ ಕೋರ್ಟ್ ನೋಡಿದ ಅನುವಾದಗಳಲ್ಲಿಯೂ ಇದು ಒಂದು. ಆ ಟಿಪ್ಪಣಿಗಳ ಹಿಂದೆ ತಬರಿ, ಝಮಖ್‌ಶರಿ, ರಾಝಿ ಇವರೆಲ್ಲ ಇದ್ದಾರೆ. ಇಪ್ಪತ್ತನೆಯ ಶತಮಾನದ ಆರಂಭದ ಭಾರತದಲ್ಲಿ ಇಂಗ್ಲಿಷ್ ಓದುಗರಿಗಾಗಿ ಬರೆಯುತ್ತಿದ್ದ ಒಬ್ಬ ವ್ಯಕ್ತಿಯ ಆಯ್ಕೆಯೂ ಇದೆ.